ಹೆಸರಿಲ್ಲದ ಏಳು ಸಾವಿರ ಸುದ್ದಿ: ವೆಬ್ ಡೆಸ್ಕ್‌ನಿಂದ ಬೀಟ್‌ಗೆ ಹೊರಟ ಒಂದು ಪ್ರಕರಣ

ಹುಡುಗಿ ಹಾವೇರಿ ಜಿಲ್ಲೆಯ ಬ್ಯಾಡಗಿ ಕಡೆಯವಳು. ವಯಸ್ಸು 25. ಧಾರವಾಡದಲ್ಲಿ ಪತ್ರಿಕೋದ್ಯಮದ ಎಂ.ಎ. ಮುಗಿಸಿ ಬೆಂಗಳೂರಿಗೆ ಬಂದು ಕನ್ನಡ ಸುದ್ದಿತಾಣವೊಂದರ ವೆಬ್ ಡೆಸ್ಕ್ ಸೇರಿ ಎರಡು ವರ್ಷವಾಗಿದೆ. ಸಂಬಳ ತಿಂಗಳಿಗೆ 24 ಸಾವಿರ. ಪಿಜಿ ಬಾಡಿಗೆ, ಊಟ, ಬಸ್ಸು, ಮನೆಗೆ ಕಳಿಸುವ ನಾಲ್ಕು ಕಾಸು ಕಳೆದರೆ ಕೊನೆಯ ವಾರದ ಹೊತ್ತಿಗೆ ಖಾತೆ ಖಾಲಿ. ಈಗ ಎರಡು ಕಡೆಯಿಂದ ಹೆಚ್ಚು ಸಂಬಳದ ಕರೆ ಬಂದಿದೆ. ಹೋಗಬೇಕೋ, ಇರಬೇಕೋ, ಇದ್ದರೆ ಏನು ಮಾಡಬೇಕೋ ಎಂಬುದೇ ಈ ಪ್ರಕರಣದ ಪ್ರಶ್ನೆ.

ಇದು ಒಬ್ಬರ ಜೀವನಚರಿತ್ರೆಯಲ್ಲ. ಕನ್ನಡದ ವೆಬ್ ಡೆಸ್ಕ್‌ಗಳಲ್ಲಿ ಮತ್ತೆ ಮತ್ತೆ ಎದುರಾಗುವ ಸ್ಥಿತಿಯನ್ನು ಒಬ್ಬಳ ಮೇಲಿಟ್ಟು ಬರೆದದ್ದು. ಸಂಬಳ, ಸುದ್ದಿಗಳ ಎಣಿಕೆ, ಎಕರೆಯ ಇಳುವರಿಯಂಥ ಅಂಕಿಗಳು ಲೆಕ್ಕ ತೋರಿಸಲು ಇಟ್ಟುಕೊಂಡವು. ಕಾಯ್ದೆ, ಯೋಜನೆ, ನಿಯಮಗಳು ಮಾತ್ರ ಇರುವಂತೆಯೇ ಇವೆ.

ಎರಡು ವರ್ಷದಲ್ಲಿ ಕೈಯಲ್ಲಿ ಉಳಿದದ್ದು

ಬೆಳಿಗ್ಗೆ 6ರಿಂದ ಮಧ್ಯಾಹ್ನ 2ರ ಶಿಫ್ಟ್. ಒಂದು ಶಿಫ್ಟ್‌ಗೆ 12 ಸುದ್ದಿ. ಏಜೆನ್ಸಿಯ ಇಂಗ್ಲಿಷ್ ಕಾಪಿ, ಟಿವಿಯಲ್ಲಿ ಓಡುತ್ತಿರುವ ಸಾಲು, ಮಂತ್ರಿಯೊಬ್ಬರ ಎಕ್ಸ್ ಪೋಸ್ಟ್, ಎಲ್ಲೋ ವೈರಲ್ ಆದ ವಿಡಿಯೊ: ಕಚ್ಚಾ ಮಾಲು ಇಷ್ಟೇ. ಶೀರ್ಷಿಕೆ, ಉಪಶೀರ್ಷಿಕೆ, ನಾಲ್ಕು ಪ್ಯಾರಾ, ಇಂಗ್ಲಿಷ್‌ನಲ್ಲಿ ಯುಆರ್‌ಎಲ್, ಟ್ಯಾಗ್, 1200 ಪಿಕ್ಸೆಲ್‌ಗಿಂತ ಅಗಲದ ಚಿತ್ರ ಹಾಕಿ ಪಬ್ಲಿಶ್ ಮಾಡಬೇಕು. ಅಷ್ಟು ಅಗಲದ ಚಿತ್ರವಿಲ್ಲದಿದ್ದರೆ, ಫೋನಿನಲ್ಲಿ ತಾನಾಗಿ ಸುದ್ದಿ ತೋರಿಸುವ ಗೂಗಲ್ ಡಿಸ್ಕವರ್‌ನಲ್ಲಿ ದೊಡ್ಡ ಕಾರ್ಡ್ ಆಗಿ ಕಾಣುವ ಅವಕಾಶ ತಪ್ಪುತ್ತದೆ. ಆ ಕಾರ್ಡ್ ಮೇಲೇ ದಿನದ ಟ್ರಾಫಿಕ್ ನಿಂತಿರುವ ತಾಣಗಳು ಸಾಕಷ್ಟಿವೆ.

ದಿನಕ್ಕೆ 12, ವರ್ಷಕ್ಕೆ 290 ಕೆಲಸದ ದಿನ ಅಂದರೆ 3,480. ಎರಡು ವರ್ಷಕ್ಕೆ ಏಳು ಸಾವಿರದ ಹತ್ತಿರ. ಅಷ್ಟಕ್ಕೂ ಬೈಲೈನ್ (ಬರೆದವರ ಹೆಸರಿನ ಸಾಲು) ಒಂದೇ: 'ವೆಬ್ ಡೆಸ್ಕ್'.

ಮೊದಲು ಮಾಡಬೇಕಾದ ಕೆಲಸ ಈ ರಾಶಿಯನ್ನು ಜಾಲಿಸುವುದು. ಆಕೆ ಸುದ್ದಿ ಪ್ರಕಟಿಸುವ ತಂತ್ರಾಂಶವಾದ ಸಿಎಂಎಸ್‌ನಿಂದ ಕೊನೆಯ ಆರು ತಿಂಗಳ ಪಟ್ಟಿ ತೆಗೆದು ಶೀಟ್‌ಗೆ ಹಾಕಿ, ಪ್ರತಿ ಸುದ್ದಿಯ ಎದುರು ನಾಲ್ಕರಲ್ಲಿ ಒಂದು ಗುರುತು ಬರೆದಳು: ಅನುವಾದ, ಏಜೆನ್ಸಿ, ವೈರಲ್, ಸ್ವಂತ. 'ಸ್ವಂತ' ಅನ್ನುವುದಕ್ಕೆ ಅಳತೆ ಬಿಗಿಯಾಗಿರಬೇಕು. ಕನಿಷ್ಠ ಒಂದು ಫೋನ್ ಕರೆ ಮಾಡಿರಬೇಕು, ಅಥವಾ ಒಂದು ಮೂಲ ದಾಖಲೆ ಓದಿರಬೇಕು. 1,700ಕ್ಕೂ ಹೆಚ್ಚು ಸುದ್ದಿಗಳಲ್ಲಿ ಆ ಅಳತೆ ದಾಟಿದ್ದು 9. ಈ ಸಂಖ್ಯೆ ನೋಡಿ ಕುಗ್ಗುವವರಿದ್ದಾರೆ, ಆದರೆ ಹಾದಿ ಹಿಡಿಯಬೇಕಾದ್ದು ಇಲ್ಲಿಂದಲೇ. ಆ ಒಂಬತ್ತರಲ್ಲಿ ಆರು ರೈತರ ಸುದ್ದಿಗಳು. ಯಾರೂ ಹೇಳದೆ ಆಕೆ ಊರಿಗೆ ಫೋನ್ ಮಾಡಿ ಕೇಳಿ ಬರೆದವು.

ಡೆಸ್ಕ್ ಏನೂ ಕಲಿಸಿಲ್ಲ ಅನ್ನುವುದು ಅನ್ಯಾಯದ ಮಾತು. ವೇಗ ಕಲಿಸಿದೆ. ಶೀರ್ಷಿಕೆಯಲ್ಲಿ ಊರು, ವ್ಯಕ್ತಿ, ಕ್ರಿಯೆ ಮೂರೂ ಇರಬೇಕೆಂದು ಕಲಿಸಿದೆ. ಲೈಂಗಿಕ ಅಪರಾಧದ ಸುದ್ದಿಯಲ್ಲಿ ಸಂತ್ರಸ್ತೆಯ ಹೆಸರಷ್ಟೇ ಅಲ್ಲ, ಗುರುತು ಸಿಗುವ ಊರು, ಶಾಲೆ, ಸಂಬಂಧಿಕರ ಹೆಸರನ್ನೂ ತೆಗೆಯಬೇಕೆಂದು ಕಲಿಸಿದೆ. ಭಾರತೀಯ ನ್ಯಾಯ ಸಂಹಿತೆಯ 72ನೇ ಸೆಕ್ಷನ್, ಪೋಕ್ಸೊ ಕಾಯ್ದೆಯ 23ನೇ ಸೆಕ್ಷನ್ ಎರಡೂ ಆಕೆಗೆ ಬಾಯಿಪಾಠ. ಟಿವಿಯಿಂದ ಎತ್ತಿದ ಕಾಪಿಯಲ್ಲಿ ಈ ತಪ್ಪು ಹಾಗೇ ದಾಟಿ ಬರುತ್ತದೆ. 'ಅವರು ಹಾಕಿದ್ದರು, ನಾವೂ ಹಾಕಿದೆವು' ಅನ್ನುವುದು ಕೋರ್ಟಿನಲ್ಲಿ ನಿಲ್ಲುವ ಮಾತಲ್ಲ. ಇವೆಲ್ಲ ನಿಜವಾದ ಕಸುಬು. ಆದರೆ ಮೂರನೇ ವರ್ಷ ಇದೇ ಕೆಲಸ ಮಾಡಿದರೆ ಕಲಿಯುವುದಕ್ಕೆ ಹೊಸದೇನೂ ಉಳಿದಿರುವುದಿಲ್ಲ. ಅನುವಾದದ ಮೊದಲ ಕರಡನ್ನು ಯಂತ್ರವೇ ಕೊಡುತ್ತಿರುವಾಗ, ಅನುವಾದವನ್ನೇ ನೆಚ್ಚಿಕೊಂಡ ಹುದ್ದೆಗಳೇ ಮೊದಲು ಕರಗುವುದು.

ಮುಂದಿದ್ದ ದಾರಿಗಳು

ಒಂದು ಕರೆ ಯೂಟ್ಯೂಬ್ ಸುದ್ದಿ ವಾಹಿನಿಯಿಂದ. ಆಂಕರಿಂಗ್ ಮತ್ತು ಸ್ಕ್ರಿಪ್ಟ್, 32 ಸಾವಿರ. ಕಾಗದ ಓದಿದರೆ ಹುದ್ದೆ 'ಕನ್ಸಲ್ಟೆಂಟ್'. ಅಂದರೆ ಪಿಎಫ್ ಇಲ್ಲ, ರಜೆ ಇಲ್ಲ, ಶೇ 10 ಟಿಡಿಎಸ್ (ಮೊದಲೇ ಮುರಿದುಕೊಳ್ಳುವ ಆದಾಯ ತೆರಿಗೆ) ಕಡಿದು ಉಳಿದದ್ದು ಕೈಗೆ. ಆ ಟಿಡಿಎಸ್ ರಿಟರ್ನ್ ಸಲ್ಲಿಸಿದ ಮೇಲಷ್ಟೇ ವಾಪಸ್. ಈಗ ಆಕೆಗಿರುವ ಪಿಎಫ್‌ನಲ್ಲಿ ಮಾಲೀಕರ ಪಾಲು, ಸಂಬಳದ ರಜೆ, ವೈದ್ಯಕೀಯ ವಿಮೆ ಸೇರಿಸಿ ಲೆಕ್ಕ ಹಾಕಿದರೆ 8 ಸಾವಿರದ ಹೆಚ್ಚಳ 3-4 ಸಾವಿರಕ್ಕೆ ಇಳಿಯುತ್ತದೆ. ಇನ್ನೊಂದು ವಿಷಯ ಕೇಳಿ ತಿಳಿಯಬೇಕು: ವಾಹಿನಿಯ ಆದಾಯ ಎಲ್ಲಿಂದ? ಯೂಟ್ಯೂಬ್ ಜಾಹೀರಾತಿನ ಪಾಲು ಸಿಗಬೇಕಾದರೆ 1,000 ಚಂದಾದಾರರು, ಜೊತೆಗೆ ಹಿಂದಿನ 12 ತಿಂಗಳಲ್ಲಿ 4,000 ಗಂಟೆ ವೀಕ್ಷಣೆ ಅಥವಾ 90 ದಿನದಲ್ಲಿ ಶಾರ್ಟ್ಸ್‌ಗೆ ಒಂದು ಕೋಟಿ ವೀಕ್ಷಣೆ ಆಗಿರಬೇಕು. ಅದನ್ನು ದಾಟುವುದು ದೊಡ್ಡ ಕೆಲಸವಲ್ಲ. ಆದರೆ ಆ ದುಡ್ಡಿನಲ್ಲಿ ಆರು ಜನರ ಸಂಬಳ ಹುಟ್ಟಿಸುವುದು ಕಷ್ಟ. ಹುಟ್ಟದ ತಿಂಗಳಲ್ಲಿ ಯಾರೋ ಶಾಸಕರ ಹುಟ್ಟುಹಬ್ಬದ ವಿಶೇಷ ಕಾರ್ಯಕ್ರಮ ಬರುತ್ತದೆ, ಅದಕ್ಕೆ ಮುಖ ಕೊಡುವವರು ಆಂಕರ್.

ಎರಡನೆಯದು ರಾಜಕೀಯ ಪಕ್ಷವೊಂದಕ್ಕೆ ಕೆಲಸ ಮಾಡುವ ಡಿಜಿಟಲ್ ಸಂಸ್ಥೆಯದು. 45 ಸಾವಿರ. ಇದು ಕಾನೂನುಬದ್ಧ ಕೆಲಸ, ಮನೆಯಲ್ಲಿ ಸಾಲ ತಲೆಮೇಲಿದ್ದರೆ ಹೋಗುವುದು ತಪ್ಪಲ್ಲ. ಆದರೆ ಇಲ್ಲಿಗೆ ಹೋದವರು ಪತ್ರಿಕೋದ್ಯಮಕ್ಕೆ ಹಿಂದಿರುಗುವಾಗ ಎದುರಿಸುವ ಪ್ರಶ್ನೆ ಸಣ್ಣದಲ್ಲ. ಮೂಲ ವ್ಯಕ್ತಿಗಳು ಮೊದಲಿನಂತೆ ಬಾಯಿ ಬಿಡುವುದಿಲ್ಲ, ಸಂಪಾದಕರು ರಾಜಕೀಯದ ಬೀಟ್ (ಸತತವಾಗಿ ವರದಿ ಮಾಡುವ ಒಂದು ಕ್ಷೇತ್ರ) ಕೊಡಲು ಹಿಂಜರಿಯುತ್ತಾರೆ. ಚುನಾವಣೆ ಮುಗಿದ ಮರುತಿಂಗಳು ಗುತ್ತಿಗೆಯೂ ಮುಗಿಯುತ್ತದೆ.

ಮೂರನೆಯದು ಇದ್ದಲ್ಲೇ ಇದ್ದು ಕೆಲಸದ ಸ್ವರೂಪ ಬದಲಿಸಿಕೊಳ್ಳುವುದು. ಇದರಲ್ಲಿ ತಕ್ಷಣಕ್ಕೆ ಒಂದು ರೂಪಾಯಿಯೂ ಹೆಚ್ಚು ಸಿಗುವುದಿಲ್ಲ. ಆಕೆ ಹಿಡಿದದ್ದು ಇದನ್ನು, ಒಂದು ವರ್ಷದ ಗಡುವು ಹಾಕಿಕೊಂಡು. ಹೆಚ್ಚಿನವರಿಗೆ ನಾವು ಹೇಳುವುದೂ ಇದನ್ನೇ, ಒಂದು ಷರತ್ತಿನ ಮೇಲೆ: ಆ ವರ್ಷದೊಳಗೆ ಇನ್ನೊಂದು ಸಂಸ್ಥೆಗೆ ಹೊತ್ತೊಯ್ಯಬಹುದಾದ ಏನಾದರೂ ಕಟ್ಟಿರಬೇಕು. ಪೇಜ್ ವ್ಯೂ ತಾಣದ ಆಸ್ತಿ, ಕೆಲಸ ಬಿಟ್ಟ ದಿನ ಅದು ಅಲ್ಲೇ ಉಳಿಯುತ್ತದೆ. ದಾಖಲೆ ಓದುವ ಪಳಗು, ಫೋನ್ ಎತ್ತುವ ಮೂವತ್ತು ಜನ, ಹೆಸರಿರುವ ಇಪ್ಪತ್ತು ವರದಿ ನಮ್ಮ ಜೊತೆ ಬರುತ್ತವೆ.

ಬೀಟ್ ಆರಿಸಿದ್ದು ಹೇಗೆ

2024ರ ಮಾರ್ಚ್ 11ರಂದು ಬ್ಯಾಡಗಿ ಎಪಿಎಂಸಿಯಲ್ಲಿ ಮೆಣಸಿನಕಾಯಿ ಬೆಲೆ ಕುಸಿದು, ಸಿಟ್ಟಿಗೆದ್ದ ರೈತರು ವಾಹನಗಳಿಗೆ ಬೆಂಕಿ ಹಚ್ಚಿದರು. ಆ ದಿನ ಎಲ್ಲ ತಾಣಗಳಲ್ಲೂ ಬೆಂಕಿಯ ವಿಡಿಯೊವೇ. ಕ್ರಮೇಣ ಸುದ್ದಿ ಇಳಿಯಿತು. ಡಬ್ಬಿ, ಕಡ್ಡಿ ತಳಿಗೆ ಯಾವ ದರ, ಗುಂಟೂರು ಕಡೆಯ ಕಾಯಿ ಎಷ್ಟು ಬಂದಿತ್ತು, ಶೈತ್ಯಾಗಾರದಲ್ಲಿ ಹಿಂದಿನ ವರ್ಷದ ದಾಸ್ತಾನು ಎಷ್ಟಿತ್ತು ಎಂದು ಕೇಳುವವರು ಕಡಿಮೆ. ಅಂಥ ಪ್ರಶ್ನೆ ಕೇಳಲು ಬೇಕಾದ ತಿಳಿವಳಿಕೆ ಈ ಹುಡುಗಿಗೆ ಮನೆಯಿಂದಲೇ ಬಂದಿದೆ. ಡೆಸ್ಕ್‌ನಲ್ಲಿ ಆಕೆ ಮಾಡುತ್ತಿದ್ದದ್ದು ಮಾತ್ರ ವಿಡಿಯೊಗೆ ಶೀರ್ಷಿಕೆ ಕೊಡುವ ಕೆಲಸ.

ಬೀಟ್ ಆರಿಸುವಾಗ ನೋಡಬೇಕಾದ್ದು ಮೂರು. ಸಾರ್ವಜನಿಕ ದಾಖಲೆ ಇರಬೇಕು, ಇಲ್ಲದಿದ್ದರೆ ಬರಿಯ ಹೇಳಿಕೆಗಳ ಮೇಲೆ ನಿಲ್ಲಬೇಕಾಗುತ್ತದೆ. ಆ ಮಾಹಿತಿ ಇಲ್ಲದೆ ಯಾರಿಗೋ ದುಡ್ಡು ನಷ್ಟವಾಗುತ್ತಿರಬೇಕು, ಹಾಗಿದ್ದರೆ ಓದುವವರು ಇದ್ದೇ ಇರುತ್ತಾರೆ. ಬೆಂಗಳೂರಿನ ಕುರ್ಚಿಯಿಂದಲೇ ಅರ್ಧ ಕೆಲಸ ಆಗುವಂತಿರಬೇಕು, ಏಕೆಂದರೆ ಶಿಫ್ಟ್ ತಪ್ಪಿಸುವಂತಿಲ್ಲ. ಮೆಣಸಿನಕಾಯಿ ಮಾರುಕಟ್ಟೆ ಮೂರನೆಯದರಲ್ಲಿ ಸೋತಿತು, ಅಲ್ಲಿ ಕಟ್ಟೆಯ ಮೇಲೆ ನಿಂತೇ ವರದಿ ಮಾಡಬೇಕು. ಬೆಳೆ ವಿಮೆ ಮೂರರಲ್ಲೂ ಗೆದ್ದಿತು.

ಸಂಪಾದಕರ ಒಪ್ಪಿಗೆ ಪಡೆಯುವುದರಲ್ಲೇ ಹಲವರು ಸೋಲುವುದು. 'ನನಗೆ ತನಿಖಾ ವರದಿ ಮಾಡಬೇಕು' ಎಂದರೆ ಒಪ್ಪುವುದಿಲ್ಲ, ಶಿಫ್ಟ್‌ನಲ್ಲಿ ಒಬ್ಬರು ಕಡಿಮೆಯಾಗುತ್ತಾರೆ. ಆಕೆ ಕೇಳಿದ್ದು ಸಣ್ಣದು: ವಾರಕ್ಕೊಮ್ಮೆ 12ರ ಬದಲು 8 ಸುದ್ದಿ, ಆ ಉಳಿದ ಸಮಯದಲ್ಲಿ ಬೆಳೆ ವಿಮೆಯ ಮೇಲೆ ಒಂದು ಉಪಯುಕ್ತ ಬರಹ, ಅದಕ್ಕೆ ಹೆಸರು. ಜೊತೆಗೆ, ತಾಣಕ್ಕೆ ಬಂದ ಓದುಗರ ಲೆಕ್ಕ ತೋರಿಸುವ ಗೂಗಲ್‌ನ ಸರ್ಚ್ ಕನ್ಸೋಲ್ ಮತ್ತು ಅನಲಿಟಿಕ್ಸ್‌ನಿಂದ ತೆಗೆದ ಒಂದು ಪುಟ ತೋರಿಸಿದಳು. ಜೂನ್-ಜುಲೈನಲ್ಲಿ ವಿಮೆಯ ಕೊನೆಯ ದಿನಾಂಕ ಹುಡುಕಿ ಬಂದವರು ಎಷ್ಟು, ಬಂದ ಮೇಲೆ ಎಷ್ಟು ಬೇಗ ಹೊರಟುಹೋದರು ಎಂಬ ಲೆಕ್ಕ. ಸಂಪಾದಕರು ಒಪ್ಪಿದರು.

ವಿಮೆಯ ಒಳಗೆ

ಕೇಂದ್ರದ ಬೆಳೆ ವಿಮೆಯಾದ ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆ 2016ರ ಮುಂಗಾರಿನಿಂದ ಇದೆ. ಪ್ರತಿ ವರ್ಷ 'ರೈತರಿಗೆ ಗುಡ್ ನ್ಯೂಸ್, ಇಲ್ಲಿದೆ ಮಾಹಿತಿ' ಎಂದು ಎಲ್ಲ ತಾಣಗಳೂ ಬರೆಯುತ್ತವೆ. ಒಳಗೆ ಹೋದರೆ ಯೋಜನೆಯ ಇತಿಹಾಸ, ಪ್ರಧಾನಿಯ ಫೋಟೊ, ಕೊನೆಗೆ ಒಂದು ಲಿಂಕ್. ರೈತನಿಗೆ ಬೇಕಾದ್ದು ಬೇರೆ: ನಮ್ಮ ಹೋಬಳಿಗೆ, ನನ್ನ ಬೆಳೆಗೆ, ಎಕರೆಗೆ ಎಷ್ಟು ಕಟ್ಟಬೇಕು, ಯಾವತ್ತು ಕೊನೆ?

ಆಕೆಯ ಮೊದಲ ಬರಹ ಇದಕ್ಕೆ ಉತ್ತರ. ರಾಜ್ಯ ಸರ್ಕಾರದ ಸಂರಕ್ಷಣೆ ಪೋರ್ಟಲ್‌ನಲ್ಲಿ ಊರು, ಬೆಳೆ, ವಿಸ್ತೀರ್ಣ ಕೊಟ್ಟರೆ ಕಂತು ತೋರಿಸುತ್ತದೆ. ಹಾವೇರಿ ಜಿಲ್ಲೆಯ ಪ್ರಮುಖ ಬೆಳೆಗಳಿಗೆ ಅದನ್ನೇ ಒಂದೊಂದಾಗಿ ನೋಡಿ ಪಟ್ಟಿ ಮಾಡಿದಳು. ರೈತನ ಪಾಲು ಮುಂಗಾರು ಬೆಳೆಗೆ ವಿಮಾ ಮೊತ್ತದ ಶೇ 2, ಹಿಂಗಾರಿಗೆ ಶೇ 1.5, ವಾರ್ಷಿಕ ವಾಣಿಜ್ಯ ಮತ್ತು ತೋಟಗಾರಿಕೆ ಬೆಳೆಗೆ ಶೇ 5. ಎಕರೆಗೆ ವಿಮಾ ಮೊತ್ತ 20 ಸಾವಿರ ಇದ್ದರೆ ಮುಂಗಾರಿನಲ್ಲಿ 400 ರೂಪಾಯಿ. ಸಾಲ ಪಡೆದವರಿಗೂ 2020ರ ಮುಂಗಾರಿನಿಂದ ವಿಮೆ ಕಡ್ಡಾಯವಲ್ಲ. ಬೇಡ ಎನ್ನುವವರು ಕೊನೆಯ ದಿನಕ್ಕೆ ಏಳು ದಿನ ಮೊದಲೇ ಬ್ಯಾಂಕಿಗೆ ಬರೆದುಕೊಡಬೇಕು, ಇಲ್ಲದಿದ್ದರೆ ಸಾಲದ ಖಾತೆಯಿಂದ ಕಂತು ಕಡಿತವಾಗುತ್ತದೆ. ಈ ಒಂದು ಸಾಲಿಗಾಗಿಯೇ ಆ ಬರಹ ಊರೂರಿನ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಓಡಾಡಿತು. ಡಿಸ್ಕವರ್‌ನಲ್ಲಿ ಮೊದಲ ದಿನ ಏನೂ ಕಾಣಲಿಲ್ಲ, ಡೆಸ್ಕ್‌ನಲ್ಲಿ ಮಾತು ಬಂತು. ಮೂರನೇ ವಾರಕ್ಕೆ ಸರ್ಚ್‌ನಿಂದ ಓದುಗರು ಬರತೊಡಗಿದರು. ಕೊನೆಯ ದಿನಾಂಕದವರೆಗೂ ಅದು ಇಳಿಯಲಿಲ್ಲ. ಬರಹದ ಕೊನೆಯಲ್ಲಿ ಕೊಟ್ಟಿದ್ದ ಡೆಸ್ಕ್‌ನ ವಾಟ್ಸ್‌ಆ್ಯಪ್ ಸಂಖ್ಯೆಗೆ ರೈತರು ರಸೀದಿಗಳ ಫೋಟೊ ಕಳಿಸತೊಡಗಿದರು. ಬೀಟ್ ಹುಟ್ಟಿದ್ದು ಆ ಫೋಟೊಗಳಿಂದ.

ಫೋಟೊ ಕಳಿಸಿದವರಲ್ಲಿ ಒಬ್ಬರ ಜೊತೆಗಿನ ಕರೆ:

"ನಾ ಹಾಕಿದ್ದು ಗೋವಿನಜೋಳ ರೀ ಅಕ್ಕಾರ. ರೊಕ್ಕ ತುಂಬಿದ್ದೂ ಗೋವಿನಜೋಳಕ್ಕ. ಅವರ ಸಮೀಕ್ಷೆದಾಗ ಹತ್ತಿ ಅಂತ ಬಂದೈತಿ. ಈಗ ವಿಮಾ ಇಲ್ಲ ಅಂತಾರ."

"ಕಾಕಾ, ಸಮೀಕ್ಷೆ ಮಾಡಾಕ ಬಂದವರು ಹೊಲದಾಗ ನಿಂತು ಫೋಟೊ ತಗೊಂಡಿದ್ರೇನು?"

"ನಮ್ಮ ಹೊಲಕ್ಕ ಯಾರೂ ಬಂದೇ ಇಲ್ರೀ."

ಕರ್ನಾಟಕದ ಬೆಳೆ ವಿಮೆಯಲ್ಲಿ ಅರ್ಜಿ ಬಿದ್ದುಹೋಗುವ ದೊಡ್ಡ ಕಾರಣಗಳಲ್ಲಿ ಇದೊಂದು. ರೈತ ವಿಮೆ ಮಾಡಿಸಿದ ಬೆಳೆಯನ್ನು ಸರ್ಕಾರದ ಬೆಳೆ ಸಮೀಕ್ಷೆಯೊಂದಿಗೆ ತಾಳೆ ನೋಡುತ್ತಾರೆ. ಸರ್ವೆ ನಂಬರ್ ವಾರು ಆ್ಯಪ್‌ನಲ್ಲಿ ಬೆಳೆಯ ಫೋಟೊ ಹಾಕುವ ಸಮೀಕ್ಷೆಯನ್ನು ರೈತರೂ ಮಾಡಬಹುದು. ಮಾಡದಿದ್ದರೆ ಊರಿನಲ್ಲಿ ನೇಮಿಸಿಕೊಂಡ ಖಾಸಗಿ ನಿವಾಸಿಗಳು ಮಾಡುತ್ತಾರೆ. ಹಿಸ್ಸಾ (ಸರ್ವೆ ನಂಬರಿನೊಳಗಿನ ಪಾಲು) ಗೊಂದಲ, ಅಂತರ ಬೆಳೆ, ಒಂದೇ ಕಡೆ ನಿಂತು ಹತ್ತು ಹೊಲದ ಮಾಹಿತಿ ತುಂಬುವುದು, ಹೀಗೆ ಎಲ್ಲಿ ತಪ್ಪಾದರೂ ತಾಳೆಯಾಗುವುದಿಲ್ಲ. ಬೆಳೆ ದರ್ಶಕ ಆ್ಯಪ್‌ನಲ್ಲಿ ನಮೂದಾದ ಬೆಳೆ ನೋಡಿ ಆಕ್ಷೇಪಣೆ ಸಲ್ಲಿಸಲು ಅವಕಾಶವಿದೆ, ಆದರೆ ಅದು ಗೊತ್ತಾಗುವ ಹೊತ್ತಿಗೆ ಗಡುವು ಮುಗಿದಿರುತ್ತದೆ.

ಒಬ್ಬ ರೈತನ ಮಾತಿನ ಮೇಲೆ ವರದಿ ಬರೆಯುವಂತಿಲ್ಲ. ಪ್ರತಿ ಪ್ರಕರಣಕ್ಕೆ ಐದು ಕಾಗದ ಕೂಡಿಸಬೇಕು: ಅರ್ಜಿ ಸಂಖ್ಯೆ ಇರುವ ವಿಮಾ ರಸೀದಿ, ಆ ವರ್ಷದ ಪಹಣಿ, ಸಮೀಕ್ಷೆಯ ನಮೂದು ಮತ್ತು ಅದರ ಫೋಟೊ, ಕಂತು ಕಡಿತವಾದ ಪಾಸ್‌ಬುಕ್ ಪುಟ, ಸಂರಕ್ಷಣೆಯಲ್ಲಿ ಅರ್ಜಿಯ ಸ್ಥಿತಿ ತೋರಿಸುವ ಸ್ಕ್ರೀನ್‌ಶಾಟ್. ಐದರಲ್ಲಿ ಒಂದು ಇಲ್ಲದಿದ್ದರೂ ಆ ಪ್ರಕರಣ ವರದಿಯಲ್ಲಿ ಬರಕೂಡದು. ಪ್ರಕಟಿಸುವ ಚಿತ್ರದಲ್ಲಿ ಆಧಾರ್, ಖಾತೆ ಸಂಖ್ಯೆ, ಎಫ್‌ಐಡಿ (ರೈತರ ನೋಂದಣಿ ಸಂಖ್ಯೆ) ಮೂರನ್ನೂ ಕಪ್ಪು ಪಟ್ಟಿಯಿಂದ ಮುಚ್ಚಬೇಕು. ಬ್ಲರ್ ಮಾಡಿದರೆ ಸಾಲದು, ಅಂಕಿಗಳನ್ನು ಕೆಲವೊಮ್ಮೆ ಊಹಿಸಬಹುದು.

ರೈತರ ದೂರುಗಳಲ್ಲಿ ತಪ್ಪು ತಿಳಿವಳಿಕೆಯವೂ ಇರುತ್ತವೆ, ಅವನ್ನು ಬೇರ್ಪಡಿಸುವುದು ವರದಿಗಾರರ ಕೆಲಸ. 'ನನ್ನ ಹೊಲ ಪೂರ್ತಿ ಒಣಗಿತು, ಪಕ್ಕದ ಪಂಚಾಯಿತಿಗೆ ದುಡ್ಡು ಬಂತು, ನಮಗಿಲ್ಲ' ಎಂಬ ದೂರು ಸಾಮಾನ್ಯ. ಈ ವಿಮೆ ಒಬ್ಬೊಬ್ಬರ ಹೊಲವನ್ನು ನೋಡುವುದಿಲ್ಲ. ಪ್ರಮುಖ ಬೆಳೆಗೆ ಗ್ರಾಮ ಪಂಚಾಯಿತಿಯೇ ಘಟಕ. ಅಲ್ಲಿ ನಡೆಸುವ ನಾಲ್ಕು ಬೆಳೆ ಕಟಾವು ಪ್ರಯೋಗಗಳ ಸರಾಸರಿಯೇ ಇಡೀ ಪಂಚಾಯಿತಿಯ ಇಳುವರಿ. ಅದನ್ನು ಖಾತರಿ ಇಳುವರಿಗೆ ಹೋಲಿಸುತ್ತಾರೆ. ಹಿಂದಿನ ಏಳು ವರ್ಷಗಳಲ್ಲಿ ಚೆನ್ನಾಗಿ ಬಂದ ಐದು ವರ್ಷಗಳ ಸರಾಸರಿ ತೆಗೆದು, ಅದರ ಶೇ 70, 80 ಅಥವಾ 90ರಷ್ಟನ್ನು ಖಾತರಿ ಎಂದು ಹಿಡಿಯುತ್ತಾರೆ. ಖಾತರಿ ಎಕರೆಗೆ 20 ಕ್ವಿಂಟಲ್, ಬಂದದ್ದು 14 ಎಂದಾದರೆ ಕೊರತೆ 6, ಅಂದರೆ ಶೇ 30. ವಿಮಾ ಮೊತ್ತ 20 ಸಾವಿರವಿದ್ದರೆ ಪರಿಹಾರ ಎಕರೆಗೆ 6 ಸಾವಿರ. ಸರಾಸರಿ 20 ದಾಟಿದರೆ, ಒಬ್ಬನ ಹೊಲದಲ್ಲಿ ಏನೂ ಬೆಳೆಯದಿದ್ದರೂ ಸೊನ್ನೆ. ಆಲಿಕಲ್ಲು, ಹೊಲ ಮುಳುಗಡೆಯಂಥ ಸ್ಥಳೀಯ ವಿಕೋಪ ಮತ್ತು ಕಟಾವಿನ ನಂತರದ ಕೆಲವು ನಷ್ಟಗಳಿಗೆ ಮಾತ್ರ ಹೊಲವಾರು ಪರಿಹಾರ, ಅದಕ್ಕೆ 72 ಗಂಟೆಯೊಳಗೆ ತಿಳಿಸಿರಬೇಕು. ಈ ಲೆಕ್ಕ ಗೊತ್ತಿಲ್ಲದೆ 'ರೈತರಿಗೆ ವಂಚನೆ' ಎಂದು ಬರೆದ ಕಾಪಿ ಸಾಕಷ್ಟು ಸಿಗುತ್ತದೆ. ಲೆಕ್ಕ ಗೊತ್ತಿದ್ದರೆ ಇನ್ನೂ ಹರಿತವಾದ ಪ್ರಶ್ನೆ ಕೇಳಬಹುದು: ಆ ನಾಲ್ಕು ಪ್ರಯೋಗ ಯಾವ ಸರ್ವೆ ನಂಬರ್‌ಗಳಲ್ಲಿ ನಡೆದವು, ಅವು ನೀರಾವರಿ ಹೊಲಗಳೇ, ಕಟಾವಿನ ದಿನ ಯಾರು ಸಹಿ ಮಾಡಿದರು?

ಮಾಹಿತಿ ಹಕ್ಕಿನ ಅರ್ಜಿ

2023ರ ಮುಂಗಾರು ಕೈಕೊಟ್ಟು ರಾಜ್ಯದ 236 ತಾಲೂಕುಗಳಲ್ಲಿ 223 ಬರಪೀಡಿತ ಎಂದು ಘೋಷಣೆಯಾಗಿತ್ತು. ಆ ಹಂಗಾಮನ್ನೇ ಆಕೆ ಆರಿಸಿಕೊಂಡಳು. ಕರ್ನಾಟಕದ ನಿಯಮದಂತೆ ಅರ್ಜಿ 150 ಪದ ಮೀರಬಾರದು, ಒಂದೇ ವಿಷಯವಿರಬೇಕು. ಶುಲ್ಕ 10 ರೂಪಾಯಿ, ಪ್ರತಿಗೆ ಪುಟಕ್ಕೆ 2 ರೂಪಾಯಿ, ಉತ್ತರಕ್ಕೆ 30 ದಿನ.

ಮೊದಲ ಅರ್ಜಿ ಬಿದ್ದುಹೋಯಿತು. 'ವಿಮೆ ತಿರಸ್ಕೃತರಾದ ಎಲ್ಲ ರೈತರ ಹೆಸರು, ವಿಳಾಸ, ಕಾರಣ' ಎಂದು ಕೇಳಿದ್ದೇ ಎಡವಟ್ಟು. ವೈಯಕ್ತಿಕ ಮಾಹಿತಿ ಎಂದು ಮಾಹಿತಿ ಹಕ್ಕು ಕಾಯ್ದೆಯ 8(1)(ಜೆ) ಸೆಕ್ಷನ್ ಅಡಿ ತಿರಸ್ಕಾರ ಬಂತು. ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆಯಿಂದಾದ ತಿದ್ದುಪಡಿ 2025ರ ನವೆಂಬರ್‌ನಲ್ಲಿ ಜಾರಿಗೆ ಬಂದ ಮೇಲೆ ಈ ಬಾಗಿಲು ಇನ್ನಷ್ಟು ಕಿರಿದಾಗಿದೆ. ಹೆಸರು ಕೇಳುವ ಅಭ್ಯಾಸವನ್ನು ಯುವ ವರದಿಗಾರರು ಬಿಡಲೇಬೇಕು. ಎರಡನೇ ಸಲ ಆಕೆ ಅರ್ಜಿಯನ್ನು ಎರಡಾಗಿ ಒಡೆದಳು. ಒಂದರಲ್ಲಿ, ತಾಲೂಕಿನ ಪ್ರತಿ ಗ್ರಾಮ ಪಂಚಾಯಿತಿಗೆ ಮೆಕ್ಕೆಜೋಳಕ್ಕೆ (ಗೋವಿನಜೋಳ) ಬಂದ ಅರ್ಜಿಗಳ ಸಂಖ್ಯೆ, ಬೆಳೆ ತಾಳೆಯಾಗದೆ ತಿರಸ್ಕೃತವಾದವುಗಳ ಸಂಖ್ಯೆ. ಇನ್ನೊಂದರಲ್ಲಿ, ಅದೇ ಪಂಚಾಯಿತಿಗಳ ಕಟಾವು ಪ್ರಯೋಗದ ದಿನಾಂಕ ಮತ್ತು ಇಳುವರಿ. ಮೊದಲನೆಯದಕ್ಕೆ ಉತ್ತರ ಬಂತು. ಎರಡನೆಯದನ್ನು ಬೇರೆ ಇಲಾಖೆಗೆ 6(3) ಅಡಿ ವರ್ಗಾಯಿಸಿದರು. ಅಲ್ಲಿಂದ ಸದ್ದಿಲ್ಲ. ಗಡುವು ಮುಗಿದ ಮೇಲೆ 30 ದಿನದೊಳಗೆ ಮೊದಲ ಮೇಲ್ಮನವಿ ಹಾಕಬೇಕು, ಅಲ್ಲೂ ಆಗದಿದ್ದರೆ 90 ದಿನದೊಳಗೆ ಮಾಹಿತಿ ಆಯೋಗಕ್ಕೆ. ಈ ದಿನಾಂಕಗಳನ್ನು ಫೋನಿನ ಕ್ಯಾಲೆಂಡರ್‌ಗೆ ಹಾಕದೆ ಕಳೆದುಕೊಂಡ ಅರ್ಜಿಗಳು ಎಷ್ಟೋ.

ಎಡವಿದ ಜಾಗಗಳು

ಉತ್ತರ ಬಂದದ್ದು ಎಕ್ಸೆಲ್‌ನಲ್ಲಿ, ಊರ ಹೆಸರು ನುಡಿ ಎಂಬ ಹಳೆಯ ಕನ್ನಡ ಫಾಂಟಿನಲ್ಲಿ. ಯೂನಿಕೋಡ್‌ಗೆ ಪರಿವರ್ತಿಸಿದಾಗ ಅರ್ಕಾವತ್ತು, ಒತ್ತಕ್ಷರ ಇರುವ ಹೆಸರುಗಳೆಲ್ಲ ಕೆಟ್ಟವು. ಕಣ್ಣಿಗೆ ಸರಿಯಾಗಿ ಕಂಡರೂ ಒಳಗಿನ ಸಂಕೇತ ಬೇರೆಯಾಗಿ, ಎರಡು ಪಟ್ಟಿ ಜೋಡಿಸುವಾಗ ಹೊಂದಲಿಲ್ಲ. ಹೆಸರಿನ ಬದಲು ಕೇಂದ್ರದ ಸ್ಥಳೀಯ ಸರ್ಕಾರಗಳ ಡೈರೆಕ್ಟರಿಯಲ್ಲಿ ಪ್ರತಿ ಪಂಚಾಯಿತಿಗೆ ಇರುವ ಕೋಡ್ ಸಂಖ್ಯೆ ಹಾಕಿಕೊಂಡು ಜೋಡಿಸಿದರೆ ಈ ತೊಂದರೆಯಿಲ್ಲ. ಕೈಯಿಂದ ಕೋಡ್ ತುಂಬಲು ಒಂದು ರಜೆಯ ದಿನ ಹೋಯಿತು, ಮುಂದಿನ ಪ್ರತಿ ವರದಿಗೂ ಆ ಪಟ್ಟಿಯೇ ಆಧಾರವಾಯಿತು.

ಇದಕ್ಕಿಂತ ಅಪಾಯದ್ದು ಇನ್ನೊಂದು. ಮೊದಲ ಕರಡಿನಲ್ಲಿ 'ಇಷ್ಟು ರೈತರಿಗೆ ತಿರಸ್ಕಾರ' ಎಂದಿತ್ತು. ದಾಖಲೆಯಲ್ಲಿದ್ದದ್ದು ಅರ್ಜಿಗಳ ಸಂಖ್ಯೆ. ಒಬ್ಬ ರೈತನಿಗೆ ಮೂರು ಸರ್ವೆ ನಂಬರ್ ಇದ್ದರೆ ಮೂರು ಅರ್ಜಿ ಇರಬಹುದು. ಅರ್ಜಿಯನ್ನು ರೈತ ಎಂದು ಎಣಿಸಿದರೆ ಅಧಿಕಾರಿ ಅದೊಂದೇ ತಪ್ಪು ಹಿಡಿದು ಇಡೀ ವರದಿಯನ್ನು ಸುಳ್ಳು ಎನ್ನುತ್ತಾರೆ. ಪ್ರಕಟಣೆಗೆ ಮುಂಚೆ ಜಿಲ್ಲೆಯ ಕೃಷಿ ಅಧಿಕಾರಿಗೆ ಇಮೇಲ್‌ನಲ್ಲಿ ಪ್ರಶ್ನೆ ಕಳಿಸಿ 48 ಗಂಟೆ ಕಾದದ್ದರಿಂದ ಇದು ಬಯಲಾಯಿತು. ಅವರ ಉತ್ತರದಲ್ಲೇ ಈ ವ್ಯತ್ಯಾಸ ಬರೆದಿತ್ತು. ಪ್ರತಿಕ್ರಿಯೆ ಕೇಳುವುದನ್ನು ಕೊನೆಯ ಕ್ಷಣದ ಫೋನ್ ಕರೆಗೆ ಬಿಡಬಾರದು ಎನ್ನಲು ಇಷ್ಟು ಕಾರಣ ಸಾಕು.

ವರದಿ ಸಂಜೆ ಪ್ರಕಟವಾಯಿತು. ರಾತ್ರಿ ಶಿಫ್ಟ್‌ನವರು ಓಡಲಿ ಎಂದು ಶೀರ್ಷಿಕೆ ಬದಲಿಸಿ 'ಕೋಟಿ ಕೋಟಿ ಲೂಟಿ' ಎಂದಿಟ್ಟರು. ಒಳಗೆ ಲೂಟಿಯ ಪುರಾವೆಯಿಲ್ಲ, ತಾಳೆಯಾಗದ ದಾಖಲೆಯಿದೆ ಅಷ್ಟೆ. ಮಾನನಷ್ಟಕ್ಕೆ ನ್ಯಾಯ ಸಂಹಿತೆಯ 356ನೇ ಸೆಕ್ಷನ್ ಶೀರ್ಷಿಕೆಗೂ ಅನ್ವಯಿಸುತ್ತದೆ. ಬೈಲೈನ್ ಇದ್ದವರ ಹೆಸರು ಮೊದಲು ಬರುತ್ತದೆ. ಬೆಳಿಗ್ಗೆ ಸಂಪಾದಕರು ಸರಿಪಡಿಸಿದರು. ಅಲ್ಲಿಂದ ಮುಂದೆ ಸಿಎಂಎಸ್‌ನಲ್ಲಿ ಆಕೆಯ ವರದಿಯ ಮೇಲೆ 'ಶೀರ್ಷಿಕೆ ಬದಲಿಸುವ ಮುನ್ನ ಕರೆ ಮಾಡಿ' ಎಂಬ ಟಿಪ್ಪಣಿ ಇರುತ್ತದೆ. ಹೊಸಬರು ಇದನ್ನು ಕೇಳಲು ಸಂಕೋಚಪಡುತ್ತಾರೆ. ಸಂಕೋಚ ಬೇಡ.

ವಿಡಿಯೊವನ್ನೂ ಆಕೆ ಕಡೆಗಣಿಸಲಿಲ್ಲ. ಪ್ರತಿ ವರದಿಗೆ 90 ಸೆಕೆಂಡಿನ ಒಂದು ಲಂಬ ಚೌಕಟ್ಟಿನ ವಿಡಿಯೊ, ಹಾವೇರಿ ಕಡೆಯ ಮಾತಿನಲ್ಲೇ. ಮೊಬೈಲ್ ಸಾಕು, ಕಾಲರ್ ಮೈಕ್ ಮಾತ್ರ ಬೇಕೇ ಬೇಕು: ಹೊಲದ ಗಾಳಿಯಲ್ಲಿ ಫೋನಿನ ಮೈಕಿಗೆ ಮಾತು ಕೇಳುವುದಿಲ್ಲ. ಮೊದಲ ಮೂರು ಸೆಕೆಂಡಿನಲ್ಲಿ ರೈತನ ಕೈಯಲ್ಲಿರುವ ರಸೀದಿ, ನಂತರ ಸಮೀಕ್ಷೆಯ ನಮೂದು, ಆಮೇಲೆ ಹೊಲ, ಕೊನೆಗೆ ಆಕ್ಷೇಪಣೆ ಸಲ್ಲಿಸುವ ಕ್ರಮ. ಆಂಕರ್ ಆಗದೆಯೇ ಕ್ಯಾಮೆರಾ ಮುಂದೆ ನಿಲ್ಲುವ ಅಭ್ಯಾಸ ಆಕೆಗೆ ಹೀಗೆ ಬಂತು.

ವರ್ಷದ ಕೊನೆಗೆ

ಹೆಸರಿರುವ ವರದಿ 26. ಅದರಲ್ಲಿ ದಾಖಲೆ ಆಧರಿಸಿದ್ದು 7. ಫೋನ್ ಪಟ್ಟಿಯಲ್ಲಿ ರೈತ ಸಂಘದವರು, ಗ್ರಾಮ ಒನ್ ಸೇವಾ ಕೇಂದ್ರ ನಡೆಸುವವರು, ಬ್ಯಾಂಕ್ ಮಿತ್ರರು, ಇಬ್ಬರು ನಿವೃತ್ತ ಕೃಷಿ ಅಧಿಕಾರಿಗಳು, ಒಬ್ಬ ವಕೀಲರು. ಎಲ್ಲ ವರದಿಗಳ ಪಿಡಿಎಫ್ ಆಕೆಯ ಬಳಿಯಿದೆ, ವೆಬ್ ಪುಟಗಳನ್ನು ಕಾಪಿಡುವ ವೇಬ್ಯಾಕ್ ಮಷೀನ್‌ನಲ್ಲೂ ಪ್ರತಿ ಉಳಿಸಿದ್ದಾಳೆ. ತಾಣ ವಿನ್ಯಾಸ ಬದಲಿಸಿದಾಗ ಹಳೆಯ ಲಿಂಕ್‌ಗಳು ಸಾಯುವುದು ಮಾಮೂಲಿ, ಸಂದರ್ಶನದ ದಿನ ತೋರಿಸಲು ಏನೂ ಇರುವುದಿಲ್ಲ.

ಬಿಡಿ ಬರಹಗಾರ್ತಿಯಾಗಿ ಹೊರಡುವ ಯೋಚನೆಯೂ ಬಂದಿತ್ತು, ಲೆಕ್ಕ ಕೂಡಲಿಲ್ಲ. ತಿಂಗಳಿಗೆ 35 ಸಾವಿರ ಬೇಕು, ಒಂದು ವರದಿಗೆ 2,500 ಎಂದರೆ 14 ವರದಿ. ದಾಖಲೆಯ ವರದಿ ತಿಂಗಳಿಗೆ ಎರಡಕ್ಕಿಂತ ಹೆಚ್ಚು ಆಗುವುದಿಲ್ಲ. ಹಣ ಕೈಗೆ ಬರಲು ಎರಡು ತಿಂಗಳು. ಒಂದು ಕಡೆ ನಿಗದಿತ ಮಾಸಿಕ ಒಪ್ಪಂದ, ಇನ್ನೊಂದು ಕಡೆ ಫ್ಯಾಕ್ಟ್‌ಚೆಕ್ ಅಥವಾ ಅನುವಾದದ ಖಾಯಂ ಕೆಲಸ, ಖಾತೆಯಲ್ಲಿ ಆರು ತಿಂಗಳ ಖರ್ಚು ಇದ್ದರೆ ಮಾತ್ರ ಆ ದಾರಿ ನಡೆದೀತು. 26ರ ವಯಸ್ಸಿನಲ್ಲಿ, ಮನೆಯ ಹೊಣೆ ಇರುವವರಿಗೆ ಅದನ್ನು ಸಲಹೆ ಮಾಡುವುದು ಸರಿಯಲ್ಲ.

ಬಂದದ್ದು ಇನ್ನೊಂದು ಸುದ್ದಿಸಂಸ್ಥೆಯ ಆಫರ್. ಹುಬ್ಬಳ್ಳಿಯಲ್ಲಿದ್ದು ಕೃಷಿ ಮತ್ತು ಗ್ರಾಮೀಣ ವಿಷಯಗಳ ವರದಿ, 36 ಸಾವಿರ. ಸಹಿ ಹಾಕುವ ಮೊದಲು ಆಕೆ ಕೇಳಿದವು ಇವು. ಹುದ್ದೆ ನೌಕರಿಯೋ, ಕನ್ಸಲ್ಟೆಂಟೋ? 1955ರ ಕಾರ್ಯನಿರತ ಪತ್ರಕರ್ತರ ಕಾಯ್ದೆ ಪತ್ರಿಕಾ ಸಂಸ್ಥೆಗಳಿಗಷ್ಟೇ ಸೀಮಿತವಾಗಿತ್ತು, ವೆಬ್‌ನಲ್ಲಷ್ಟೇ ಇದ್ದವರು ಅದರ ಹೊರಗಿದ್ದರು. 2025ರ ನವೆಂಬರ್ 21ರಂದು ಜಾರಿಯಾದ ಕಾರ್ಮಿಕ ಸಂಹಿತೆಗಳಲ್ಲಿ ಕಾರ್ಯನಿರತ ಪತ್ರಕರ್ತರ ವ್ಯಾಖ್ಯೆಯೊಳಗೆ ಡಿಜಿಟಲ್ ಮಾಧ್ಯಮವೂ ಸೇರಿದೆ. ನೌಕರರಿಗೆ ನೇಮಕಾತಿ ಪತ್ರ ಕೊಡುವುದು ಕಡ್ಡಾಯ, ಪತ್ರಕರ್ತರಿಗೆ ಗ್ರಾಚ್ಯುಟಿ (ಕೆಲಸ ಬಿಡುವಾಗ ಸಿಗುವ ಇಡಿಗಂಟು) ಐದರ ಬದಲು ಮೂರು ವರ್ಷಕ್ಕೆ. ಕಾಗದದಲ್ಲಿ 'ಕನ್ಸಲ್ಟೆಂಟ್' ಎಂದಿದ್ದರೆ ಇದನ್ನೆಲ್ಲ ಪಡೆಯಲು ಜಗಳವಾಡಬೇಕಾಗುತ್ತದೆ. ಕಾನೂನು ನೋಟಿಸ್ ಬಂದರೆ ವಕೀಲರ ಖರ್ಚು ಯಾರದು? ಪ್ರಯಾಣ ಭತ್ಯೆ ಕಿಲೋಮೀಟರ್ ಲೆಕ್ಕದಲ್ಲೋ, ತಿಂಗಳ ಗುತ್ತಿಗೆಯೋ? ದಿನದ ಸುದ್ದಿಯ ಕೋಟಾ ಎಷ್ಟು? ಸ್ವಂತ ಹೆಸರಿನ ಯೂಟ್ಯೂಬ್ ಅಥವಾ ನ್ಯೂಸ್‌ಲೆಟರ್‌ಗೆ ಅವಕಾಶವಿದೆಯೇ?

ನಾಲ್ಕಕ್ಕೆ ಲಿಖಿತ ಉತ್ತರ ಸಿಕ್ಕಿತು. ಕೋಟಾದ ವಿಷಯದಲ್ಲಿ ಮಾತ್ರ 'ನೋಡೋಣ' ಎಂದರು. ಆಕೆ ಅದನ್ನೂ ಬರೆಸಿಕೊಂಡಳು: ದಿನಕ್ಕೆ ಎರಡು ಸುದ್ದಿ, ತಿಂಗಳಿಗೆ ಒಂದು ದೀರ್ಘ ವರದಿ. ಸಿಂಗಲ್ ರೂಮಿನ ಬಾಡಿಗೆ ಬೆಂಗಳೂರಿಗಿಂತ ಕಡಿಮೆ, ಬ್ಯಾಡಗಿ ಬಸ್ಸಿನಲ್ಲಿ ಎರಡು ತಾಸು. ಕಟಾವು ಪ್ರಯೋಗದ ದಾಖಲೆಯ ಎರಡನೇ ಮೇಲ್ಮನವಿ ಆಯೋಗದಲ್ಲಿ ಇನ್ನೂ ವಿಚಾರಣೆಗೆ ಬಂದಿಲ್ಲ. ಅರ್ಜಿ ಆಕೆಯ ಸ್ವಂತ ಹೆಸರಿನಲ್ಲಿದೆ, ಹಾಗಾಗಿ ಕೆಲಸ ಬದಲಾದರೂ ನಡೆಸಿಕೊಂಡು ಹೋಗಬಹುದು. ನೋಟಿಸ್ ಬರುವ ವಿಳಾಸವನ್ನು ಹುಬ್ಬಳ್ಳಿಗೆ ಬದಲಿಸಲು ಆಯೋಗಕ್ಕೆ ಪತ್ರ ಬರೆದಾಗಿದೆ.